ಮಧ್ಯಾಹ್ನದ ಪುಣೆಯಲ್ಲಿ ಎದೆಯ ಮೇಲೆ ಕೂತದ್ದು

ಪುಣೆಗೆ ಬಂದ ಹೊಸತರಲ್ಲಿ ಕರ್ವೆನಗರದ ಒಂದು ಬಾಡಿಗೆ ಕೋಣೆಯಲ್ಲಿದ್ದೆ. ಊಟವಾದ ಮೇಲೆ ಬೀದಿಗೆ ಬೀದಿಯೇ ಮಲಗುವ ಹೊತ್ತು. ನಾನೂ ಅಂಗಾತ ಬಿದ್ದುಕೊಂಡೆ. ಸ್ವಲ್ಪ ಹೊತ್ತಿಗೆ ಎಚ್ಚರವಾಯಿತು. ಮೇಲೆ ಫ್ಯಾನು ತಿರುಗುತ್ತಿದೆ, ಪಕ್ಕದ ಮನೆಯ ಕುಕ್ಕರು ಕೂಗಿದ್ದು ಕೇಳಿಸುತ್ತಿದೆ, ಗೋಡೆಯ ಕ್ಯಾಲೆಂಡರಿನಲ್ಲಿ ಗಣಪತಿಯೂ ಕಾಣುತ್ತಿದ್ದಾನೆ. ಕೈ ಮಾತ್ರ ಏಳುತ್ತಿಲ್ಲ. ಅಷ್ಟರಲ್ಲಿ ಕಾಲ್ದೆಸೆಯಲ್ಲಿ ಹಾಸಿಗೆ ತಗ್ಗಿತು. ಯಾರೋ ಕೂತರು. ಆ ಭಾರ ಮೊಣಕಾಲಿಂದ ಹೊಟ್ಟೆಗೆ, ಹೊಟ್ಟೆಯಿಂದ ಎದೆಗೆ ಸರಿಯಿತು. ‘ಅವ್ವಾ’ ಎಂದು ಕೂಗಿದೆ. ಕೂಗು ಗಂಟಲಲ್ಲೇ ಉಳಿಯಿತು. ಎಷ್ಟು ಹೊತ್ತು ಹಾಗಿದ್ದೆನೋ, ಕಾಲಿನ ಹೆಬ್ಬೆರಳು ಅಲುಗಿದ್ದೇ ತಡ, ಹಗ್ಗ ಕೊಯ್ದಂತೆ ಇಡೀ ಮೈ ಬಿಟ್ಟುಕೊಂಡಿತು. ಕೋಣೆಯಲ್ಲಿ ಯಾರೂ ಇರಲಿಲ್ಲ. ಬಾಗಿಲ ಚಿಲಕ ಹಾಕಿದಂತೆಯೇ ಇತ್ತು.

ಸಂಜೆ ಮನೆಯೊಡತಿಗೆ ಹೇಳಿದರೆ ಆಕೆಗೆ ಆಶ್ಚರ್ಯವೇ ಆಗಲಿಲ್ಲ. ‘ಛಾತೀವರ ಭೂತ ಬಸಲಂ’, ಎದೆಯ ಮೇಲೆ ಭೂತ ಕೂತಿತು, ಎಂದು ಒಂದೇ ಮಾತಲ್ಲಿ ರೋಗ ಗುರುತಿಸಿ, ದಿಂಬಿನ ಕೆಳಗೆ ಚಾಕು ಇಟ್ಟುಕೊಂಡು ಮಲಗು ಎಂದಳು. ಊರಿಗೆ ಫೋನು ಮಾಡಿದೆ. ‘ಎದಿ ಮ್ಯಾಲ ಕುಂತಿತ್ತೇನು? ಕಬ್ಬಿಣದ್ದು ಏನಾರ ಇಟ್ಕೊಂಡು ಮಕ್ಕೊ’ ಎಂದಳು ಅವ್ವ. ಮರಾಠಿಗೂ ಕನ್ನಡಕ್ಕೂ ಗಡಿಯ ಜಗಳ ಏನೇ ಇರಲಿ, ದೆವ್ವದ ವಿಷಯದಲ್ಲಿ ಎರಡೂ ಕಡೆಯವರದು ಒಂದೇ ಮಾತು, ಒಂದೇ ಕಬ್ಬಿಣ.

ಆ ದಿನದಿಂದ ಈ ವಿಷಯವಾಗಿ ಕಂಡವರನ್ನೆಲ್ಲ ಕೇಳುವ ಚಟ ಹತ್ತಿತು. ಹಿಂಜವಡಿಯ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮಲಗುವ ಹುಬ್ಬಳ್ಳಿಯ ಹುಡುಗರು, ಸದಾಶಿವ ಪೇಟೆಯ ಓದುಕೋಣೆಗಳಲ್ಲಿ ಪರೀಕ್ಷೆಗೆ ಓದಿ ಓದಿ ಕಣ್ಣು ಕೆಂಪಾದವರು, ಹೆರಿಗೆಯಾಗಿ ಮೂರು ತಿಂಗಳಿಂದ ಒಂದು ರಾತ್ರಿಯೂ ನೆಟ್ಟಗೆ ಮಲಗದ ತಾಯಂದಿರು. ಒಬ್ಬರಿಗೆ ಬಾಗಿಲಲ್ಲಿ ಕಪ್ಪು ಆಕಾರ, ಇನ್ನೊಬ್ಬರಿಗೆ ಕಿವಿಯ ಹತ್ತಿರ ಉಸಿರು, ಮತ್ತೊಬ್ಬಳಿಗೆ ತಾನೇ ಹಾಸಿಗೆಯಿಂದ ಎದ್ದು ತೇಲಿ ಫ್ಯಾನಿನ ಹತ್ತಿರ ಹೋದಂತೆ. ಇವರಾರೂ ಮೊದಲು ತಾವಾಗಿ ಹೇಳಿದವರಲ್ಲ. ನಾನು ನನ್ನ ಕತೆ ಹೇಳಿದ ಮೇಲೆ ದನಿ ತಗ್ಗಿಸಿ ತಮ್ಮದನ್ನು ಹೇಳಿದವರು.

ಇದಕ್ಕೆ ನಮ್ಮ ಪತ್ರಿಕೆಗಳಲ್ಲಿ ಕಾಣುವ ಹೆಸರು ‘ನಿದ್ರಾ ಪಾರ್ಶ್ವವಾಯು’. ಸ್ಲೀಪ್ ಪ್ಯಾರಾಲಿಸಿಸ್ ಎಂಬುದರ ಪದಕ್ಕೆ ಪದ. ಈ ಹೆಸರಿನ ಮೇಲೆ ನನಗೆ ತಕರಾರಿದೆ. ಪಾರ್ಶ್ವವಾಯು ಎಂದರೆ ಮೈಯ ಒಂದು ಪಕ್ಕ ಬಿದ್ದುಹೋಗುವುದು, ಲಕ್ವ ಹೊಡೆಯುವುದು. ಇಲ್ಲಿ ಯಾವ ಪಕ್ಕವೂ ಬಿದ್ದಿಲ್ಲ, ಯಾವ ನರವೂ ಕೆಟ್ಟಿಲ್ಲ. ದೆವ್ವಕ್ಕೆ ಹೆದರಿದ್ದವನನ್ನು ಈ ಹೆಸರು ಲಕ್ವಕ್ಕೆ ಹೆದರಿಸುತ್ತದೆ, ಅಷ್ಟೆ. ಜಪಾನಿನವರು ಇದನ್ನು ‘ಕನಶಿಬಾರಿ’ ಎನ್ನುತ್ತಾರೆ, ಲೋಹದಿಂದ ಬಿಗಿದದ್ದು ಎಂಬರ್ಥ. ತಮಿಳರದು ‘ಅಮುಕ್ಕು ಪೇಯ್’, ಅಮುಕುವ ದೆವ್ವ. ಆ ಅಮುಕು ನಮ್ಮದೂ ಹೌದು. ಇಂಗ್ಲಿಷಿನ ‘ನೈಟ್‌ಮೇರ್’ ಪದದ ಬಾಲದಲ್ಲಿರುವ ‘ಮೇರ್’ ಕುದುರೆಯಲ್ಲ, ಮಲಗಿದವರ ಎದೆ ಹತ್ತುವ ಹಳೆಯ ಪಿಶಾಚಿಯ ಹೆಸರು. ನಾನಂತೂ ಇದನ್ನು ‘ನಿದ್ದೆಗಟ್ಟು’ ಎಂದು ಕರೆದುಕೊಂಡಿದ್ದೇನೆ. ನಿದ್ದೆ ಹಾಕಿದ ಕಟ್ಟು. ಬೇರೆ ಒಳ್ಳೆಯ ಪದ ಯಾರಾದರೂ ಕೊಟ್ಟರೆ ಇದನ್ನು ಬಿಟ್ಟುಕೊಡಲು ತಯಾರಿದ್ದೇನೆ.

ಕಟ್ಟು ಹಾಕುವುದು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗಲು 20ನೇ ಶತಮಾನದ ನಡುಭಾಗದವರೆಗೆ ಕಾಯಬೇಕಾಯಿತು. ಅದಕ್ಕೂ ಮೊದಲೇ ವೈದ್ಯರು ಇದನ್ನು ಕಂಡಿದ್ದರು. ಹಾಲೆಂಡಿನ ಇಸ್ಬ್ರಾಂಡ್ ವಾನ್ ಡೀಮರ್ಬ್ರೂಕ್ 1664ರಷ್ಟು ಹಿಂದೆಯೇ ಒಬ್ಬ ಮಹಿಳೆಯ ಪ್ರಕರಣ ದಾಖಲಿಸಿದ್ದ. ಆಕೆಯ ಎದೆಯ ಮೇಲೆ ಒಮ್ಮೆ ಸೈತಾನ, ಒಮ್ಮೆ ದೊಡ್ಡ ನಾಯಿ, ಒಮ್ಮೆ ಕಳ್ಳ. ಸ್ಲೀಪ್ ಪ್ಯಾರಾಲಿಸಿಸ್ ಎಂಬ ಹೆಸರು ಕೊಟ್ಟವನು ಲಂಡನ್ನಿನ ನರವೈದ್ಯ ಕಿನ್ನಿಯರ್ ವಿಲ್ಸನ್, 1928ರಲ್ಲಿ. ಆದರೆ ಕಾರಣ ಹೊಳೆಯಲು, ನಿದ್ದೆ ಎಂಬುದು ಒಂದೇ ಮುದ್ದೆಯಲ್ಲ ಎಂದು ಗೊತ್ತಾಗಬೇಕಿತ್ತು. 1953ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಅಸೆರಿನ್ಸ್ಕಿ ಮತ್ತು ಕ್ಲೈಟ್ಮನ್, ಮಲಗಿದವರ ಕಣ್ಣುಗುಡ್ಡೆ ರೆಪ್ಪೆಯ ಕೆಳಗೆ ಸರಸರನೆ ಓಡಾಡುವ ಅವಧಿಗಳಿವೆ ಎಂದು ತೋರಿಸಿದರು. ಅದೇ ‘ರೆಮ್’ ನಿದ್ದೆ, ಗಾಢ ಕನಸುಗಳ ಹೊತ್ತು. ಫ್ರಾನ್ಸಿನ ಲಿಯಾನ್‌ನಲ್ಲಿ ಮಿಷೆಲ್ ಜೂವೆ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ ಇನ್ನೊಂದನ್ನು ಕಂಡುಕೊಂಡ. ಆ ಹೊತ್ತಿನಲ್ಲಿ ಮಿದುಳು ಎಚ್ಚರದಷ್ಟೇ ಚುರುಕು, ಮೈ ಮಾತ್ರ ಹಿಂಡಿದ ಬಟ್ಟೆ. ಮಿದುಳುಕಾಂಡದಿಂದ ಹೊರಟ ಅಪ್ಪಣೆಯೊಂದು ಬೆನ್ನುಹುರಿಯ ಚಾಲಕ ನರಕೋಶಗಳನ್ನು ಸುಮ್ಮನಾಗಿಸುತ್ತದೆ. ಗಾಬಾ ಮತ್ತು ಗ್ಲೈಸಿನ್ ಎಂಬ ಎರಡು ರಾಸಾಯನಿಕಗಳು ಕೂಡಿಯೇ ಈ ಕೆಲಸ ಮಾಡುತ್ತವೆ ಎಂದು ಟೊರಾಂಟೊದ ಬ್ರೂಕ್ಸ್ ಮತ್ತು ಪೀವರ್ 2012ರಲ್ಲಿ ಇಲಿಗಳಲ್ಲಿ ತೋರಿಸಿದರು. ಕನಸಿನಲ್ಲಿ ಓಡಿದರೂ ನಾವು ಹಾಸಿಗೆಯಲ್ಲೇ ಉಳಿಯುವುದು ಈ ಅಪ್ಪಣೆಯ ದೆಸೆಯಿಂದ.

ಅಪ್ಪಣೆ ಹಿಂತೆಗೆಯುವ ಮೊದಲೇ ಎಚ್ಚರವಾದರೆ ಅದೇ ನಿದ್ದೆಗಟ್ಟು. ಎದೆಯ ಭಾರದ ಗುಟ್ಟೂ ಇಲ್ಲೇ ಇದೆ. ಕಣ್ಣುಗುಡ್ಡೆಗೂ ಉಸಿರೆಳೆಯುವ ವಪೆಗೂ ಈ ಅಪ್ಪಣೆ ತಾಗುವುದಿಲ್ಲ, ಹಾಗಾಗಿ ನೋಡಬಹುದು, ಉಸಿರೂ ನಡೆಯುತ್ತದೆ. ಆದರೆ ಪಕ್ಕೆಲುಬಿನ ನಡುವಿನ ಸ್ನಾಯುಗಳು ಸಡಿಲಗೊಂಡಿರುತ್ತವೆ. ಗಾಬರಿಯಾದವನು ದೀರ್ಘ ಶ್ವಾಸ ಎಳೆಯಲು ಹೋಗುತ್ತಾನೆ, ಎದೆ ಏಳುವುದಿಲ್ಲ. ಏಳದ ಎದೆಗೆ ಮನಸ್ಸು ಕಾರಣ ಹುಡುಕುತ್ತದೆ: ಮೇಲೆ ಏನೋ ಕೂತಿದೆ.

‘ಯಾರೋ ಇದ್ದಾರೆ’ ಎಂಬುದಕ್ಕೂ ಒಂದು ಸುಳಿವು ಸಿಕ್ಕಿದೆ. 2006ರಲ್ಲಿ ಸ್ವಿಟ್ಜರ್ಲೆಂಡಿನ ಓಲಾಫ್ ಬ್ಲಾಂಕೆಯ ತಂಡ ಅಪಸ್ಮಾರದ ರೋಗಿಯೊಬ್ಬಳ ಮಿದುಳಿನಲ್ಲಿ, ಎಡಗಿವಿಗಿಂತ ತುಸು ಮೇಲೆ ಹಿಂದಕ್ಕಿರುವ ಜಾಗಕ್ಕೆ, ಸಣ್ಣ ವಿದ್ಯುತ್ ಹಾಯಿಸಿತು. ಆಕೆಗೆ ತನ್ನ ಬೆನ್ನ ಹಿಂದೆಯೇ ಒಬ್ಬ ನೆರಳಿನಂಥ ಮನುಷ್ಯನಿದ್ದಾನೆ ಅನಿಸಿತು. ಆಕೆ ಕೂತರೆ ಅವನೂ ಕೂತ. ತನ್ನ ಮೈಯ ಲೆಕ್ಕ ಇಡುವ ಜಾಗ ಅದು. ಲೆಕ್ಕ ತಪ್ಪಿದರೆ ನಮ್ಮ ಮೈಯೇ ನಮಗೆ ಎರಡನೆಯವರಾಗಿ ಕಾಣಬಹುದು. ನನ್ನ ಮಂಚದ ಮೇಲೆ ಕೂತವನು ಒಂದು ವೇಳೆ ನಾನೇ ಆಗಿದ್ದರೆ ಎಂಬ ಯೋಚನೆ ದೆವ್ವಕ್ಕಿಂತ ಹೆಚ್ಚು ನಡುಕ ಹುಟ್ಟಿಸಿತು ಎಂದು ಒಪ್ಪಿಕೊಳ್ಳಬೇಕು.

ಎಷ್ಟು ಜನರಿಗೆ ಹೀಗಾಗುತ್ತದೆ? ಶಾರ್ಪ್‌ಲೆಸ್ ಮತ್ತು ಬಾರ್ಬರ್ 2011ರಲ್ಲಿ 35 ಅಧ್ಯಯನಗಳನ್ನು, ಅಂದರೆ 36 ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು, ಒಟ್ಟುಗೂಡಿಸಿದರು. ಸಾಮಾನ್ಯ ಜನರಲ್ಲಿ ಜೀವನದಲ್ಲಿ ಒಮ್ಮೆಯಾದರೂ ಕಂಡವರು ಶೇ 7.6, ವಿದ್ಯಾರ್ಥಿಗಳಲ್ಲಿ ಶೇ 28.3. ಈ ಅಂತರವೇ ಕಾರಣವನ್ನೂ ಹೇಳುತ್ತದೆ. ವಿದ್ಯಾರ್ಥಿಗಳಿಗೆ ಹೆಚ್ಚು ದೆವ್ವ ಬಡಿಯುವುದಿಲ್ಲ, ಅವರ ನಿದ್ದೆ ಹೆಚ್ಚು ಕೆಡುತ್ತದೆ. ಜಪಾನಿನ ಸಂಶೋಧಕರು 1992ರಲ್ಲಿ ಪ್ರಯೋಗಾಲಯದಲ್ಲೇ ಮಲಗಿದವರನ್ನು ಎಬ್ಬಿಸಿ ಮತ್ತೆ ಮಲಗಿಸಿ ಕನಶಿಬಾರಿ ಬರಿಸಿ ತೋರಿಸಿದ್ದಾರೆ. ಹಗಲು ರಾತ್ರಿಯಾದ ಪಾಳಿ, ಅರೆಬರೆ ನಿದ್ದೆ, ಅಂಗಾತ ಮಲಗುವುದು, ಮನಸ್ಸಿನ ಒತ್ತಡ ಇವೆಲ್ಲ ಕೂಡಿದರೆ ಕಟ್ಟು ಬೀಳುವ ಸಂಭವ ಹೆಚ್ಚು. ಮನೆತನದ ಪಾಲೂ ಇದೆ ಎಂದು ಅವಳಿಗಳ ಅಧ್ಯಯನಗಳು ಹೇಳುತ್ತವೆ.

ಇಲ್ಲಿ ಪುಣೆಯ ಮಧ್ಯಾಹ್ನವನ್ನು ನೆನೆಯದೆ ಮುಂದೆ ಹೋಗಲಾರೆ. ಒಂದರಿಂದ ನಾಲ್ಕರವರೆಗೆ ಅಂಗಡಿ ಮುಚ್ಚಿ ಮಲಗುವುದು ಈ ಊರಿನ ಹಕ್ಕು. ಚಿತಳೆ ಬಂಧು ಮಿಠಾಯಿ ಅಂಗಡಿ ಇನ್ನು ಮಧ್ಯಾಹ್ನವೂ ತೆರೆದಿರುತ್ತದೆ ಎಂಬುದು 2017ರಲ್ಲಿ ರಾಷ್ಟ್ರೀಯ ಸುದ್ದಿಯಾಗಿತ್ತು! ಊಟದ ಮೇಲಿನ ಚಿಕ್ಕ ಜೊಂಪು ಒಳ್ಳೆಯದೇ. ಆದರೆ ರಾತ್ರಿ ನಿದ್ದೆಗೆಟ್ಟವನು ಮಧ್ಯಾಹ್ನ ಅಂಗಾತ ಬಿದ್ದರೆ, ಸರದಿ ತಪ್ಪಿದ ರೆಮ್ ನಿದ್ದೆ ನೇರ ಒಳನುಗ್ಗಬಹುದು. ನಾನು ಕೇಳಿದ ಕತೆಗಳಲ್ಲಿ ಹಾಡಹಗಲಿನವು ಕಡಿಮೆಯಿರಲಿಲ್ಲ. ಹಗಲಿನ ದೆವ್ವಗಳಿಗೆ ಈ ನಗರದ ಪುರಾಣದಲ್ಲಿ ಜಾಗವಿಲ್ಲದಿರುವುದೊಂದು ವಿಚಿತ್ರ. ಭೂತಗಳೊಡೆಯ ವೇತಾಳನ ಹೆಸರಿನ ಗುಡ್ಡ ಊರ ನಡುವೆಯೇ ಇದೆ, ಬೆಳಿಗ್ಗೆ ಅಲ್ಲಿ ಜನ ವಾಯುವಿಹಾರಕ್ಕೆ ಹೋಗುತ್ತಾರೆ. ಶನಿವಾರವಾಡೆಯಲ್ಲಿ 1773ರ ಆಗಸ್ಟ್ 30ರಂದು ಕೊಲೆಯಾದ 18 ವರ್ಷದ ಪೇಶ್ವೆ ನಾರಾಯಣರಾಯ ಹುಣ್ಣಿಮೆಯ ರಾತ್ರಿ ‘ಕಾಕಾ, ಮಲಾ ವಾಚವಾ’, ಚಿಕ್ಕಪ್ಪಾ, ನನ್ನನ್ನು ಕಾಪಾಡು, ಎಂದು ಕೂಗುತ್ತಾನಂತೆ. ಅವನಿಗಾದರೂ ದನಿ ಹೊರಡುತ್ತದೆ.

ಈಗ ತುಸು ಕಷ್ಟದ ಪ್ರಶ್ನೆ. ದೆವ್ವ ಮಿದುಳಿನಿಂದ ಬಂದದ್ದೋ ಊರಿನಿಂದ ಬಂದದ್ದೋ? ಅಮೆರಿಕದ ಜಾನಪದ ವಿದ್ವಾಂಸ ಡೇವಿಡ್ ಹಫರ್ಡ್ ಕೆನಡಾದ ನ್ಯೂಫೌಂಡ್‌ಲೆಂಡ್ ದ್ವೀಪದ ಮೀನುಗಾರರ ಹಳ್ಳಿಗಳಲ್ಲಿ ‘ಮುದಿ ಮಾಟಗಾತಿ’ಯ ಕತೆಗಳನ್ನು ಕೂಡಿಸಿ 1982ರಲ್ಲಿ ಪುಸ್ತಕ ಬರೆದ. ಅಲ್ಲಿನವರಿಗೆ ಕತೆ ಗೊತ್ತಿತ್ತು, ಅದಕ್ಕೇ ಹಾಗೆ ಕಂಡಿತು ಎನ್ನಬಹುದಿತ್ತು. ಆದರೆ ಆ ಕತೆಯನ್ನೇ ಕೇಳದ ಬೇರೆ ಕಡೆಯ ಅಮೆರಿಕನ್ನರಿಗೂ ಅದೇ ಹೆಜ್ಜೆಸಪ್ಪಳ, ಅದೇ ನೆರಳು, ಅದೇ ಭಾರ ಎಂದು ಅವನು ತೋರಿಸಿದ. ಅನುಭವ ಮೊದಲು, ಕತೆ ಆಮೇಲೆ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಅಲನ್ ಚೇನ್ ಕೂಡ ಸಾವಿರಾರು ಜನರ ವರದಿಗಳಲ್ಲಿ ಮೂರು ಎಳೆಗಳನ್ನು ಗುರುತಿಸಿದ: ಒಳನುಗ್ಗಿದವನು, ಎದೆ ಅಮುಕಿದವನು, ತೇಲಾಟ. ಪುಣೆಯಲ್ಲಿ ನಾನು ಕೇಳಿದ್ದೂ ಈ ಮೂರನ್ನು ಬಿಟ್ಟು ಹೊರಗೆ ಹೋಗಲಿಲ್ಲ.

ಇನ್ನೊಂದು ಕಡೆ ನಿದ್ದೆಯ ಸಂಶೋಧಕ ಬಾಲಂದ್ ಜಲಾಲ್ ಇದ್ದಾರೆ. ಈಜಿಪ್ಟ್ ಮತ್ತು ಡೆನ್ಮಾರ್ಕಿನ ಜನರನ್ನು ಹೋಲಿಸಿ, ಜಿನ್ನುಗಳನ್ನು ನಂಬುವ ಈಜಿಪ್ಟಿನಲ್ಲಿ ಈ ಅನುಭವ ಹೆಚ್ಚು ಸಲ, ಹೆಚ್ಚು ಹೊತ್ತು, ಸತ್ತೇಹೋಗುತ್ತೇನೆಂಬ ಭಯದೊಂದಿಗೆ ಬರುತ್ತದೆ ಎಂದು ಅವರು ಕಂಡರು. ಭಯದಿಂದ ನಿದ್ದೆ ಕೆಡುತ್ತದೆ, ಕೆಟ್ಟ ನಿದ್ದೆ ಮತ್ತೆ ಕಟ್ಟು ಹಾಕುತ್ತದೆ, ಅದರಿಂದ ನಂಬಿಕೆ ಗಟ್ಟಿಯಾಗುತ್ತದೆ. ಗಾಣ ಸುತ್ತುತ್ತಲೇ ಇರುತ್ತದೆ. ಹಫರ್ಡ್ ಮತ್ತು ಜಲಾಲ್ ಎದುರಾಳಿಗಳೆಂದು ನನಗೆ ಅನಿಸುವುದಿಲ್ಲ. ಆಕಾರ ಕೊಡುವುದು ಮಿದುಳು, ಹೆಸರಿಡುವುದು ಊರು, ಅದು ಎಷ್ಟು ದಿನ ಉಳಿಯುತ್ತದೆ ಎಂಬುದು ಇಟ್ಟ ಹೆಸರಿನ ಮೇಲೆ ನಿಂತಿದೆ.

ಹೆಸರಿಗೆ ತಕ್ಕ ಚಿಕಿತ್ಸೆ. ಪುಣೆಯಿಂದ ಸೋಲಾಪುರದ ಹಾದಿಯಾಗಿ ಹೋಗುವ ರೈಲು ಗಾಣಗಾಪುರ ರೋಡಿನಲ್ಲಿ ನಿಂತಾಗ ಇಳಿಯುವವರಲ್ಲಿ ಮರಾಠಿ ಭಕ್ತರೇ ಹೆಚ್ಚು. ಭೀಮಾ ಅಮರ್ಜಾ ಸಂಗಮದ ಆ ದತ್ತಕ್ಷೇತ್ರ ಕಲಬುರಗಿ ಜಿಲ್ಲೆಯದಾದರೂ ಭೂತಬಾಧೆಗೆ ಎರಡೂ ರಾಜ್ಯಗಳ ಆಸ್ಪತ್ರೆ. ಆರತಿಯ ಹೊತ್ತಿಗೆ ಕಂಬಗಳನ್ನು ತಬ್ಬಿ ಹೂಂಕರಿಸುವವರನ್ನು ಕಂಡವನು ನಾನು. ಅವರ ಸಂಕಟ ನಾಟಕವೆಂದು ಹೇಳುವ ಧೈರ್ಯ ನನಗಿಲ್ಲ, ಅಲ್ಲಿಗೆ ಹೋಗಿ ನೆಮ್ಮದಿ ಪಡೆದವರ ಮೇಲೆ ಸಿಟ್ಟೂ ಇಲ್ಲ. ಸಿಟ್ಟಿರುವುದು ದೆವ್ವ ಬಿಡಿಸುತ್ತೇನೆಂದು ಕೋಲು ಹಿಡಿಯುವವರ ಮೇಲೆ. ಇದರ ವಿರುದ್ಧ ಕಾನೂನು ಬರಲೆಂದು ವರ್ಷಗಟ್ಟಲೆ ಓಡಾಡಿದ ಡಾ. ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರ ಬೆಳಿಗ್ಗೆ ಇದೇ ಪುಣೆಯ ಓಂಕಾರೇಶ್ವರ ಸೇತುವೆಯ ಮೇಲೆ ಗುಂಡಿಕ್ಕಿ ಕೊಂದರು. ಅದಾದ ಕೆಲವೇ ದಿನಗಳಲ್ಲಿ ಮಹಾರಾಷ್ಟ್ರ ಸುಗ್ರೀವಾಜ್ಞೆ ತಂದಿತು, ವರ್ಷದ ಕೊನೆಗೆ ಕಾಯ್ದೆ ಆಯಿತು. ಕರ್ನಾಟಕದ ಕಾಯ್ದೆ 2017ರದು, ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಎರಡೂ ಕಾಯ್ದೆಗಳು ನಂಬಿಕೆಯನ್ನು ಶಿಕ್ಷಿಸುವುದಿಲ್ಲ, ದೆವ್ವ ಬಿಡಿಸುವ ನೆಪದ ಹಿಂಸೆಯನ್ನು ಶಿಕ್ಷಿಸುತ್ತವೆ.

ವೈದ್ಯರ ಹತ್ತಿರ ಹೋಗಬೇಕಾದ ಸಂದರ್ಭವೂ ಇದೆ. ಕಟ್ಟು ಪದೇಪದೇ ಬೀಳುತ್ತಿದ್ದು, ಹಗಲು ಮಾತಾಡುತ್ತಾ ಕೂತಲ್ಲೇ ನಿದ್ದೆ ಎಳೆಯುತ್ತಿದ್ದರೆ, ಜೋರಾಗಿ ನಕ್ಕಾಗ ಮೊಣಕಾಲು ಕುಸಿದರೆ ಅದು ನಾರ್ಕೊಲೆಪ್ಸಿ ಎಂಬ ಕಾಯಿಲೆ ಇರಬಹುದು. ಅದರಲ್ಲಿ ಎಚ್ಚರವನ್ನು ಹಿಡಿದಿಡುವ ಒರೆಕ್ಸಿನ್ ಎಂಬ ರಾಸಾಯನಿಕ ಕಡಿಮೆಯಾಗಿರುತ್ತದೆ. ಉಳಿದವರಿಗೆ ಹೊತ್ತಿಗೆ ಸರಿಯಾದ ನಿದ್ದೆ, ಮಗ್ಗುಲಾಗಿ ಮಲಗುವುದು, ಇಷ್ಟು ಸಾಕಾಗುತ್ತದೆ.

ಮೈ ಮಲಗಿ ಮನಸ್ಸು ಎದ್ದಿರುವ ಸ್ಥಿತಿ ಇನ್ನೊಂದು ರೂಪದಲ್ಲೂ ಬರುತ್ತದೆ. ಕನಸಿನ ಒಳಗೇ ಇದು ಕನಸು ಎಂದು ಗೊತ್ತಾಗುವುದು. ಇಂಗ್ಲಿಷಿನ ಲೂಸಿಡ್ ಡ್ರೀಮ್, ನಾನು ಹೇಳುವ ‘ಎಚ್ಚರಗನಸು’. ಕನ್ನಡಿಗರಲ್ಲಿ ಬಹಳ ಜನ ಆ ಇಂಗ್ಲಿಷ್ ಪದವನ್ನು ಮೊದಲು ಕೇಳಿದ್ದು 2013ರ ‘ಲೂಸಿಯಾ’ ಚಿತ್ರದ ದೆಸೆಯಿಂದ. ಪವನ್ ಕುಮಾರ್ ಜನರಿಂದಲೇ ಸುಮಾರು 50 ಲಕ್ಷ ರೂಪಾಯಿ ಕೂಡಿಸಿ ಮಾಡಿದ ಚಿತ್ರ. ಟಾಕೀಸಿನಲ್ಲಿ ಟಾರ್ಚು ಹಿಡಿದು ಜನರಿಗೆ ಸೀಟು ತೋರಿಸುವವನಿಗೆ ನಿದ್ದೆ ಬರುವುದಿಲ್ಲ. ಯಾರೋ ಕೊಟ್ಟ ಮಾತ್ರೆ ನುಂಗಿದರೆ ಬೇಕಾದ ಬದುಕಿನ ಕನಸು, ನಿನ್ನೆ ಬಿಟ್ಟಲ್ಲಿಂದ ಇವತ್ತು ಮುಂದುವರಿಯುವ ಕನಸು. ನಿಜವಾದ ಎಚ್ಚರಗನಸು ಅಷ್ಟು ವಿಧೇಯವಲ್ಲ. ನನಗೆ ಬಂದವುಗಳಲ್ಲಿ ಹೆಚ್ಚಿನವು ಗೊತ್ತಾದ ಸಂತೋಷಕ್ಕೇ ಒಡೆದುಹೋದವು. ಆದರೆ ಮಾತ್ರೆಯ ಕಲ್ಪನೆ ಪೂರ್ತಿ ಸುಳ್ಳಾಗಲಿಲ್ಲ. ಮರೆವಿನ ಕಾಯಿಲೆಗೆ ಕೊಡುವ ಗ್ಯಾಲಂಟಮಿನ್ ಔಷಧವನ್ನು, 2018ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, 121 ಜನರ ಮೇಲೆ ಪರೀಕ್ಷಿಸಿದಾಗ, ಹುಸಿ ಮಾತ್ರೆಯ ರಾತ್ರಿ ಶೇ 14 ಜನರಿಗೆ, 8 ಮಿಲಿಗ್ರಾಂ ಮಾತ್ರೆಯ ರಾತ್ರಿ ಶೇ 42 ಜನರಿಗೆ ಎಚ್ಚರಗನಸು ಬಿತ್ತು. ಅವರೆಲ್ಲ ಕನಸಿನ ಅಭ್ಯಾಸದಲ್ಲಿ ಪಳಗಲು ಬಂದವರು ಎಂಬುದನ್ನು ಮರೆಯಬಾರದು. ಔಷಧದಂಗಡಿಗೆ ಓಡುವುದು ಬೇಡ.

ಎಚ್ಚರಗನಸು ಬರೀ ಬಾಯಿಮಾತಲ್ಲ ಎಂದು ಸಾಬೀತುಪಡಿಸಿದ ಉಪಾಯ ನನಗೆ ಬಹಳ ಇಷ್ಟ. ಮೈಯೆಲ್ಲ ಕಟ್ಟಿಹಾಕಿದ್ದರೂ ಕಣ್ಣುಗುಡ್ಡೆ ಸ್ವತಂತ್ರ ತಾನೇ? 1975ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಮಲಗಿಸಿದ್ದ ಅಲನ್ ವೋರ್ಸ್ಲಿ, ಕನಸಿನೊಳಗಿನಿಂದಲೇ ಮೊದಲೇ ಮಾತಾದಂತೆ ಕಣ್ಣನ್ನು ಎಡಕ್ಕೂ ಬಲಕ್ಕೂ ಹೊರಳಿಸಿ ಸಂಕೇತ ಕಳಿಸಿದ. ಯಂತ್ರದ ಕಾಗದದ ಮೇಲೆ ಆ ಗೆರೆಗಳು ಮೂಡಿದವು. ಅದು ಹೆಚ್ಚು ಜನಕ್ಕೆ ತಲುಪಲಿಲ್ಲ. ಸ್ಟ್ಯಾನ್‌ಫರ್ಡಿನ ಸ್ಟೀಫನ್ ಲಬರ್ಜ್ ತಾನಾಗಿ ಅದೇ ದಾರಿ ಕಂಡುಕೊಂಡು 1981ರಲ್ಲಿ ಪ್ರಕಟಿಸಿದ ಮೇಲೆಯೇ ಲೋಕ ನಂಬಿತು. 2021ರಲ್ಲಂತೂ ನಾಲ್ಕು ದೇಶಗಳ ಪ್ರಯೋಗಾಲಯಗಳು ಕನಸು ಕಾಣುತ್ತಿರುವವರಿಗೆ ಪ್ರಶ್ನೆಗಳನ್ನೂ ಲೆಕ್ಕಗಳನ್ನೂ ಕೊಟ್ಟವು. ಎಂಟರಲ್ಲಿ ಆರು ಹೋದರೆ? ಕನಸಿನೊಳಗಿದ್ದವನು ಕಣ್ಣು ಎರಡು ಸಲ ಹೊರಳಿಸಿದ. 158 ಸಲ ಕೇಳಿದ್ದಕ್ಕೆ ಸರಿಯುತ್ತರ ಬಂದದ್ದು ಶೇ 18ರಷ್ಟು ಮಾತ್ರ. ಕಡಿಮೆ ಅನ್ನಿಸಬಹುದು. ಉತ್ತರಿಸಿದ್ದು ನಿದ್ದೆಯಲ್ಲಿರುವ ಮನುಷ್ಯ ಎಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಜೀವನದಲ್ಲಿ ಒಮ್ಮೆಯಾದರೂ ಎಚ್ಚರಗನಸು ಕಂಡವರು ಶೇ 55, ತಿಂಗಳಿಗೊಮ್ಮೆಯಾದರೂ ಕಾಣುವವರು ಶೇ 23 ಎಂದು 2016ರ ಒಂದು ಸಂಗ್ರಹ ಅಧ್ಯಯನ ಹೇಳಿತು.

ಕನಸನ್ನು ಗುರುತಿಸಲು ಒಂದು ಹಳೆಯ ಪರೀಕ್ಷೆಯಿದೆ: ಏನನ್ನಾದರೂ ಓದಿ, ಕಣ್ಣು ತೆಗೆದು, ಮತ್ತೆ ಓದುವುದು. ಕನಸಿನಲ್ಲಿ ಅಕ್ಷರ ನಿಲ್ಲುವುದಿಲ್ಲ. ನನಗೆ ಲಕ್ಷ್ಮಿ ರಸ್ತೆಯಲ್ಲಿ ಒಂದು ಕನ್ನಡ ಬೋರ್ಡು ಕಂಡಿತು, ಕನಸಿನಲ್ಲಿ. ‘ಅಕ್ಕಿ’ ಎಂದಿತ್ತು. ಮತ್ತೆ ನೋಡಿದರೆ ಒತ್ತಕ್ಷರ ಬೇರೆ. ಮೂರನೆಯ ಸಲಕ್ಕೆ ಒತ್ತುಗಳೆಲ್ಲ ಕಳಚಿ ಬೋರ್ಡಿನ ಅಂಚಿಗೆ ಇರುವೆ ಸಾಲಿನಂತೆ ಹೊರಟಿದ್ದವು. ಲಕ್ಷ್ಮಿ ರಸ್ತೆಯಲ್ಲಿ ಕನ್ನಡ ಬೋರ್ಡು ಎಂದಾಗಲೇ ಅನುಮಾನ ಬರಬೇಕಿತ್ತು ಎಂದು ಗೆಳೆಯರು ಈಗಲೂ ಆಡಿಕೊಳ್ಳುತ್ತಾರೆ.

ನಮ್ಮ ಹಿಂದಿನವರು ಇದನ್ನು ಯೋಚಿಸಿರಲಿಲ್ಲವೇ? ಯೋಚಿಸಿದ್ದರು, ಬೇರೆ ಕಾರಣಕ್ಕೆ. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿ, ಕೊನೆಗೆ ನಿಂಬಾಳದ ಆಶ್ರಮದಲ್ಲಿ ನೆಲೆಸಿದ ಗುರುದೇವ ರಾನಡೆ 1926ರಲ್ಲಿ ಪುಣೆಯಲ್ಲೇ ಅಚ್ಚಾದ ತಮ್ಮ ಉಪನಿಷತ್ ಸಮೀಕ್ಷೆಯಲ್ಲಿ, ನಿದ್ದೆ ಏಕೆ ಬರುತ್ತದೆ, ಕನಸು ಎಲ್ಲಿಂದ ಬರುತ್ತದೆ ಎಂಬ ಬಗ್ಗೆ ಉಪನಿಷತ್ತುಗಳಲ್ಲಿರುವ ಬೇರೆ ಬೇರೆ ವಾದಗಳನ್ನು ಮನಶ್ಶಾಸ್ತ್ರದ ಕಣ್ಣಿನಿಂದ ವಿಂಗಡಿಸಿಟ್ಟರು. ಬೃಹದಾರಣ್ಯಕದಲ್ಲಿ ಮಲಗಿದವನನ್ನು ಥಟ್ಟನೆ ಎಬ್ಬಿಸಬಾರದೆಂಬ ಎಚ್ಚರಿಕೆಯಿದೆ. ಒಳಗಿನವನು ಸರಿಯಾದ ಜಾಗಕ್ಕೆ ಮರಳದಿದ್ದರೆ ವಾಸಿ ಮಾಡುವುದು ಕಷ್ಟವೆಂಬುದು ಕಾರಣ. ನಿದ್ದೆಗಟ್ಟು ಅನುಭವಿಸಿದವನಿಗೆ ಇದನ್ನು ಓದಿದರೆ ಒಂದು ಕ್ಷಣ ಕೂದಲು ನಿಮಿರುತ್ತದೆ. ಹಾಗೆಂದು ಋಷಿಗಳಿಗೆ ರೆಮ್ ನಿದ್ದೆ ಗೊತ್ತಿತ್ತು ಎಂದು ಎದೆ ತಟ್ಟಿಕೊಳ್ಳುವವರ ಸಾಲಿಗೆ ನಾನು ಸೇರಲಾರೆ. ಮೈಸೂರು ಸೀಮೆಯಲ್ಲಿ ಕೆ.ಎ. ಕೃಷ್ಣಸ್ವಾಮಿ ಅಯ್ಯರ್, ಹೊಳೆನರಸೀಪುರದ ಸಚ್ಚಿದಾನಂದೇಂದ್ರ ಸರಸ್ವತಿಗಳು ಎಚ್ಚರ, ಕನಸು, ಸುಷುಪ್ತಿ ಎಂಬ ಅವಸ್ಥಾತ್ರಯದ ಮೇಲೆಯೇ ವೇದಾಂತವನ್ನು ನಿಲ್ಲಿಸಿದರು. ಅವರಿಗೆ ಬೇಕಿದ್ದುದು ಮೂರನ್ನೂ ಕಾಣುವವನು ಯಾರು ಎಂಬ ಉತ್ತರ. ಎರಡರ ನಡುವೆ ಸಿಕ್ಕಿಬಿದ್ದವನ ಗೋಳು ಅವರ ವಿಷಯವಾಗಿರಲಿಲ್ಲ. ಹಾಗಾಗಿ ಕನ್ನಡದಲ್ಲಿ ಮೇಲಕ್ಕೆ ಮೂರನ್ನೂ ಮೀರಿದ ತುರೀಯವಿದೆ, ಕೆಳಕ್ಕೆ ದೆವ್ವವಿದೆ, ನಡುವಿನ ಈ ಮಂಚಕ್ಕೆ ಮಾತಿಲ್ಲ.

ಕನಸನ್ನೇ ಸಾಧನೆಯಾಗಿ ಮಾಡಿಕೊಂಡವರು ಟಿಬೆಟ್ಟಿನವರು. ನಾರೋಪನ ಆರು ಯೋಗಗಳಲ್ಲಿ ಕನಸಿನ ಯೋಗವೂ ಒಂದು. ಟಿಬೆಟ್ಟಿನವರು ನಮ್ಮ ಬೈಲಕುಪ್ಪೆಗೇ ಬಂದು ಅರವತ್ತು ವರ್ಷ ದಾಟಿತು. ಪ್ರಯೋಗಾಲಯದ ಕಡೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಿಂದು ಕುಟ್ಟಿಯವರ ತಂಡ ವಿಪಸ್ಸನ ಸಾಧಕರ ನಿದ್ದೆಯನ್ನು ಅಳೆದು, ಅವರಲ್ಲಿ ಗಾಢನಿದ್ದೆಯೂ ರೆಮ್ ನಿದ್ದೆಯೂ ಹೆಚ್ಚಿರುವುದನ್ನು 2010ರಲ್ಲಿ ವರದಿ ಮಾಡಿತು.

ನಿದ್ದೆಗಟ್ಟು ಮತ್ತು ಎಚ್ಚರಗನಸು ಒಂದೇ ಜನರಲ್ಲಿ ಕೂಡಿ ಕಾಣುವುದುಂಟು, ಅದರಲ್ಲೂ ತೇಲಾಟದ ಅನುಭವ ಇರುವವರಲ್ಲಿ. ಬೆಳಗಿನ ಜಾವ ಅಲಾರಂ ಇಟ್ಟು ಎದ್ದು ಮತ್ತೆ ಮಲಗುವುದು ಎಚ್ಚರಗನಸಿನ ಹೆಸರಾದ ಉಪಾಯ. ಅದೇ ಉಪಾಯ ನಿದ್ದೆಗಟ್ಟನ್ನೂ ಕರೆಯುತ್ತದೆ. ರಾತ್ರಿ ಪಾಳಿಯವರು, ಮನಸ್ಸಿನ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ಈ ಆಟಕ್ಕೆ ಇಳಿಯದಿರುವುದೇ ಲೇಸು.

ಬಿಡಿಸಿಕೊಳ್ಳುವ ಬಗ್ಗೆ ಮಾತ್ರ ಎರಡು ಪಂಗಡ. ಬೆರಳು ಅಲುಗಿಸು ಎನ್ನುವವರದು ಒಂದು. ಅಲುಗಲೇ ಬೇಡ ಎನ್ನುವವರು ಜಲಾಲ್: ಇದು ನಿದ್ದೆಯ ಆಟ ಎಂದುಕೊ, ಮೈ ಸಡಿಲ ಬಿಡು, ಮನಸ್ಸನ್ನು ಒಂದು ಹಿತವಾದ ನೆನಪಿನ ಮೇಲಿಡು. ಎರಡನೆಯದನ್ನು ನಂಬಲು ನನಗೆ ಪುಣೆಯೇ ಕಲಿಸಿತು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ 1937ರಲ್ಲಿ ಇಲ್ಲಿ ನೆಲೆ ನಿಂತ ಬಿ.ಕೆ.ಎಸ್. ಅಯ್ಯಂಗಾರ್ ಅವರ ಪದ್ಧತಿಯ ಒಂದು ತರಗತಿಗೆ ಸ್ವಲ್ಪ ದಿನ ಹೋಗುತ್ತಿದ್ದೆ. ನೋಡಲು ಸುಲಭವಾದ ಶವಾಸನವನ್ನು ಅವರು ಬಹಳ ಕಷ್ಟದ ಆಸನಗಳಲ್ಲಿ ಎಣಿಸಿದ್ದರು. ಸುಮ್ಮನೆ ಬಿದ್ದುಕೊಳ್ಳುವುದರಲ್ಲಿ ಕಷ್ಟವೇನು ಎಂದು ನಕ್ಕಿದ್ದೆ.

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಮತ್ತೆ ಬಂದಿತು. ಫ್ಯಾನು, ಕುಕ್ಕರಿನ ಕೂಗು, ತಗ್ಗಿದ ಹಾಸಿಗೆ. ಹೆಬ್ಬೆರಳಿಗೆ ಹೇಳಿ ಕಳಿಸಲಿಲ್ಲ. ಶವಾಸನ ಎಂದುಕೊಂಡೆ. ಭಾರ ಎದೆಯವರೆಗೆ ಬಂದಿತು, ಕೂತಿತು, ನಾನು ಅದರ ಕೆಳಗೆ ಹಾಗೇ ಇದ್ದೆ. ಸ್ವಲ್ಪ ಹೊತ್ತಿಗೆ ಹಾಸಿಗೆ ತೆಳುವಾಯಿತು, ಕೋಣೆ ಉದ್ದವಾಯಿತು. ನಾನು ಊರ ಕೆರೆಯ ಏರಿಯ ಮೇಲೆ ನಿಂತಿದ್ದೆ. ಪಕ್ಕದಲ್ಲಿ ಯಾರೋ ಕೂತಿದ್ದರು. ಇದು ಕನಸು ಎಂದು ಗೊತ್ತಿತ್ತು. ಅವರ ಮುಖ ನೋಡೋಣವೆಂದು ತಿರುಗುವಷ್ಟರಲ್ಲಿ ಮನೆಯೊಡತಿ ಬಾಗಿಲು ತಟ್ಟಿದಳು. ನಾಲ್ಕು ಗಂಟೆಯಾಗಿತ್ತು.